ಮೂಗಿನ ನಳಿಕೆ, ಕಪ್ಪಾದ ಕುತ್ತಿಗೆ: ರೇಡಿಯೇಶನ್ ನಡೆಯುವಾಗ ಮನೆಯವರು ಮಾಡೋದೇನು?

ಬಸ್ಸಿನಾಗ ಇಯರ್‌ಫೋನ್ ಹಾಕ್ಕೊಂಡು ಕೇಳಾಕತ್ತವರಿಗೂ, ಮಗ್ಗದ ಸದ್ದಿನ ನಡುವೆ ಫೋನ್ ಸ್ಪೀಕರ್ ಹಚ್ಚಿರೋ ರಬಕವಿ-ಬನಹಟ್ಟಿ ಮಂದಿಗೂ ಇವತ್ತಿನ ವಿಷಯ ಸ್ವಲ್ಪ ಭಾರ ಐತಿ. ಮನೆಯಲ್ಲಿ ಒಬ್ಬರಿಗೆ ಬಾಯಿ ಅಥವಾ ಗಂಟಲಿನ ಕ್ಯಾನ್ಸರ್. ರೇಡಿಯೇಶನ್ ಶುರುವಾಗಿದೆ. ನುಂಗಲು ಆಗ್ತಿಲ್ಲ ಅಂತ ಮೂಗಿನಲ್ಲಿ ನಳಿಕೆ ಹಾಕಿ ಮನೆಗೆ ಕಳಿಸಿದ್ದಾರೆ. ಡಿಸ್ಚಾರ್ಜ್ ಗಡಿಬಿಡಿಯಲ್ಲಿ ನರ್ಸ್ ಹೇಳಿದ್ದು ಊರು ಮುಟ್ಟೋದ್ರೊಳಗ ಅರ್ಧ ಮರೆತಿರುತ್ತೆ. ಆಮೇಲೆ ಸಿರಿಂಜ್ ಹಿಡಿಯೋರು ಯಾರು? ಹೆಚ್ಚಾಗಿ ನಮ್ಮ ವಯಸ್ಸಿನವರೇ, ಮಗ, ಮಗಳು, ಸೊಸೆ. ನಾನು ಡಾಕ್ಟರ್ ಅಲ್ಲ, ಬಿ.ಕಾಂ ಓದಿದವಳು. ನಿಮ್ಮ ಆಸ್ಪತ್ರೆಯವರು ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ಕೊನೆ.

ಲೆಕ್ಕದಿಂದ ಶುರು ಮಾಡೋಣ. 2020ರ ಗ್ಲೋಬೊಕಾನ್ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಆ ವರ್ಷ ತುಟಿ ಮತ್ತು ಬಾಯಿ ಕ್ಯಾನ್ಸರ್ ಬಂದವರು ಸುಮಾರು 3.77 ಲಕ್ಷ. ಅದರಲ್ಲಿ 1.35 ಲಕ್ಷಕ್ಕಿಂತ ಹೆಚ್ಚು ಮಂದಿ ಭಾರತದವರು. ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರಲ್ಲಿ. ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಅಂಗೈಯಲ್ಲಿ ಎರಡೂ ಸೇರಿದರೆ ಮತ್ತೆ ಗುಟ್ಕಾನೇ. ಆ ಕಥೆ ಇನ್ನೊಂದು ಎಪಿಸೋಡಿಗೆ ಇರಲಿ.

ನಮ್ಮ ಕಡೆಯ ರೋಗಿಗಳು ಚಿಕಿತ್ಸೆಗೆ ಹೋಗೋದು ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ಬೆಳಗಾವಿಗೆ, ಇಲ್ಲಾ ಗಡಿ ದಾಟಿ ಮಿರಜಿಗೆ. ತಲೆ-ಕುತ್ತಿಗೆಯ ರೇಡಿಯೇಶನ್ ಅಂದರೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6ರಿಂದ 7 ವಾರ, 30ರಿಂದ 35 ಸಲ. ಇದರ ನಡುವೆ ದಿನ ತಪ್ಪಬಾರದು. ಚಿಕಿತ್ಸೆ ಒಂದು ದಿನ ಉದ್ದ ಆದರೆ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1ರಿಂದ 1.4ರಷ್ಟು ಇಳಿಯುತ್ತೆ ಅನ್ನೋದು ವೈದ್ಯರು ಬಹಳ ಕಾಲದಿಂದ ಬಳಸುವ ಲೆಕ್ಕ. ಒಂದು ವಾರ ತಪ್ಪಿದರೆ ಎಷ್ಟಾಯ್ತು, ನೀವೇ ಗುಣಿಸಿ. ದಿನ ಯಾಕೆ ತಪ್ಪುತ್ತೆ ಅಂದರೆ, ಬಸ್ ಚಾರ್ಜು, ಕೂಲಿ ಅವು ಇದ್ದೇ ಇವೆ. ಆದರೆ ಚರ್ಮ ಒಡೆದು ನೋವು ತಡೆಯೋಕಾಗದೆ, ಊಟ ಇಲ್ಲದೆ ನಿತ್ರಾಣ ಆಗಿ ನಿಲ್ಲಿಸೋದೂ ಸಾಕಷ್ಟು. ಅದಕ್ಕ ನಳಿಕೆ ಮತ್ತು ಚರ್ಮದ ಕಾಳಜಿನ ಚಿಕಿತ್ಸೆಯ ಒಂದು ಭಾಗ ಅಂತಲೇ ಹಿಡೀರಿ.

ಮೊದಲು ಚರ್ಮ. ಎರಡು-ಮೂರು ವಾರ ಕಳೆದ ಮೇಲೆ ಕುತ್ತಿಗೆ ಕೆಂಪಾಗಿ, ಆಮೇಲೆ ಕಪ್ಪಾಗಿ, ಪೊರೆ ಏಳುತ್ತೆ. ಕೆಲವರಿಗೆ ಮಡಿಕೆ ಇರೋ ಜಾಗದಲ್ಲಿ ಒಡೆದು ನೀರು ಸೋರುತ್ತೆ. ಕೊನೆಯ ರೇಡಿಯೇಶನ್ ಮುಗಿದ ಮೇಲೂ ಒಂದೆರಡು ವಾರ ಇದು ಹೆಚ್ಚಾಗೋದುಂಟು. "ಮುಗೀತಲ್ಲ, ಮತ್ಯಾಕ ಹೆಚ್ಚಾತು" ಅಂತ ಗಾಬರಿಯಾಗಬ್ಯಾಡ್ರಿ.

ತೊಳೀಬಹುದಾ? ತೊಳೀಬೇಕು. ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಆಮೇಲೆ ಒರೆಸದೆ ಮೆತ್ತಗೆ ಒತ್ತಿ ಒಣಗಿಸೋದು. ಈ ಕೆಲಸಕ್ಕೆ ಹಳೇ ಹತ್ತಿ ಧೋತರದ ತುಂಡಿನಷ್ಟು ಒಳ್ಳೇದು ಬೇರೆ ಇಲ್ಲ. ನೇಕಾರರ ಊರಲ್ಲಿದ್ದು ಪಾಲಿಸ್ಟರ್ ಟವೆಲಿನಿಂದ ಉಜ್ಜೋದು ಯಾವ ನ್ಯಾಯ ರೀ? ಅರಿಷಿಣ, ಬೇವಿನ ಲೇಪ, ನೋವಿನ ಬಾಮು, ಪೌಡರು ಹಚ್ಚಬೇಡಿ. ಬಂದು ಹೋಗೋ ಪ್ರತಿ ಸಂಬಂಧಿಕರೂ ಒಂದೊಂದು ಎಲೆ ಹೇಳ್ತಾರೆ, ಹೂಂ ಅಂದು ಚಹಾ ಕೊಟ್ಟು ಕಳಿಸಿ. ಡಾಕ್ಟರ್ ಬರೆದ ಕ್ರೀಮ್ ಇದ್ದರೆ ತೆಳ್ಳಗೆ ಹಚ್ಚಿ. ರೇಡಿಯೇಶನ್‌ಗೆ ಹೋಗೋ ಮುಂಚೆ ದಪ್ಪಗೆ ಬಳಿದುಕೊಂಡು ಹೋಗಬೇಡಿ. ಬಿಸಿ ಶಾಖ, ಐಸು ಎರಡೂ ಬೇಡ.

ಕುತ್ತಿಗೆಗೆ ಉಜ್ಜೋ ವಸ್ತುಗಳ ಬಗ್ಗೆ ಒಂದು ಮಾತು. ಸರ, ತಾಳಿ, ಲಿಂಗದ ದಾರ, ಶರ್ಟಿನ ಗಟ್ಟಿ ಕಾಲರ್ ಎಲ್ಲವೂ ಆ ಚರ್ಮಕ್ಕೆ ಗರಗಸ ಇದ್ದಂಗ. ಇಷ್ಟಲಿಂಗ ಇಲ್ಲವೇ ತಾಳಿ ತೆಗೆಯೋ ಮಾತು ಮನೆಯಲ್ಲಿ ಸುಲಭ ಅಲ್ಲ, ಗೊತ್ತು. ಲಿಂಗವನ್ನ ತೋಳಿಗೆ ಕಟ್ಟಿಕೊಳ್ಳೋದು, ತಾಳಿಯನ್ನ ಈ ಎರಡು ತಿಂಗಳು ದೇವರ ಜಗಲಿ ಮೇಲೆ ಇಡೋದು, ಇಂಥ ದಾರಿಯನ್ನ ಮನೆಯ ಹಿರಿಯರ ಜೊತೆ ಮೊದಲೇ ಕೂತು ಮಾತಾಡಿ. ಗಂಡಸರು ಬ್ಲೇಡ್ ಬಿಡಬೇಕು. ಶೇವ್ ಮಾಡಲೇಬೇಕಂದ್ರ ಎಲೆಕ್ಟ್ರಿಕ್ ಮಷಿನ್. ಹೊಲಕ್ಕೆ ಹೋಗೋರು ಕಬ್ಬಿನ ಗದ್ದೆಯಿಂದ ದೂರ ಇರಿ, ಕಬ್ಬಿನ ಎಲೆಯ ಅಂಚು ಒಳ್ಳೇ ಚರ್ಮಾನೇ ಕುಯ್ಯುತ್ತೆ. ಬಿಸಿಲಿಗೆ ಮೆತ್ತನೆ ಹತ್ತಿ ವಲ್ಲಿಯನ್ನ ಸಡಿಲವಾಗಿ ಹೊದ್ದುಕೊಳ್ಳಿ.

ಚರ್ಮಕ್ಕೂ ನಳಿಕೆಗೂ ಜಗಳ ಬರೋದು ಅಂಟುಪಟ್ಟಿಯಲ್ಲಿ. ನಳಿಕೆ ಜಾರದಂತೆ ಪಟ್ಟಿ ಬೇಕು, ಆದರೆ ರೇಡಿಯೇಶನ್ ಬೀಳೋ ಕೆನ್ನೆಗೆ ಅಂಟಿಸಿ ಕಿತ್ತರೆ ಚರ್ಮವೂ ಅದರ ಜೊತೆ ಬರುತ್ತೆ. ಮೂಗಿನ ಮೇಲೆ ಮಾತ್ರ ಅಂಟಿಸಿ, ಉಳಿದ ನಳಿಕೆಯನ್ನ ಕಿವಿ ಹಿಂದಿನಿಂದ ತಂದು ಅಂಗಿಗೆ ಸಡಿಲವಾಗಿ ಸಿಕ್ಕಿಸಬಹುದಾ ಅಂತ ನರ್ಸ್‌ಗೆ ಕೇಳಿ. ಪಟ್ಟಿ ಬಿಡಿಸೋವಾಗ ನೀರಿನಿಂದ ನೆನೆಸಿ ಬಿಡಿಸಿ. ಮೂಗಿನ ಹೊಳ್ಳೆಯ ಒಂದೇ ಕಡೆ ನಳಿಕೆ ಒತ್ತಿ ಹುಣ್ಣಾಗ್ತಿದೆಯಾ ಅಂತ ದಿನಾ ನೋಡಿ.

ಈಗ ಆಹಾರ ಹಾಕೋದು. ಪ್ರತಿ ಸಲ ಮೊದಲು ಕೈ ತೊಳೆದು, ಮೂಗಿನ ಹತ್ತಿರ ನಳಿಕೆ ಮೇಲಿರೋ ಗುರುತು ಅದೇ ಜಾಗದಲ್ಲಿದೆಯಾ ನೋಡಬೇಕು. ಮೊದಲ ದಿನವೇ ಅದರ ಫೋಟೊ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಗುರುತು ಹೊರಗೆ ಬಂದಿದ್ದರೆ ಒಂದು ಹನಿಯೂ ಹಾಕಬೇಡಿ, ಒಳಗೆ ತಳ್ಳಲೂಬೇಡಿ. ಸಿರಿಂಜಿನಿಂದ ಗಾಳಿ ಬಿಟ್ಟು ಹೊಟ್ಟೆಯ ಸದ್ದು ಕೇಳೋ ಪದ್ಧತಿ ಇನ್ನೂ ಬಳಕೆಯಲ್ಲಿದೆ, ಆದರೆ ಅದನ್ನ ನಂಬೋ ಹಂಗಿಲ್ಲ. ನಳಿಕೆ ಶ್ವಾಸಕೋಶದಲ್ಲಿದ್ದರೂ ಸದ್ದು ಬರಬಹುದು.

ರೋಗಿಯನ್ನ ಎಬ್ಬಿಸಿ ಕೂರಿಸಿ. ಆಗದಿದ್ದರೆ ದಿಂಬು ಕೊಟ್ಟು ತಲೆ-ಎದೆ ಎತ್ತರಿಸಿ, ಊಟ ಆದ ಮೇಲೂ ಅರ್ಧದಿಂದ ಒಂದು ತಾಸು ಹಾಗೇ ಇರಲಿ. ಮೊದಲು 30ರಿಂದ 50 ಮಿ.ಲೀ. ಕುದಿಸಿ ಆರಿಸಿದ ನೀರು, ಆಮೇಲೆ ಆಹಾರ, ಮತ್ತೆ ಅಷ್ಟೇ ನೀರು. ಸಿರಿಂಜಿನ ಹಿಡಿ ತೆಗೆದು ಎತ್ತಿ ಹಿಡಿದರೆ ಆಹಾರ ತಾನೇ ಇಳಿಯುತ್ತೆ. 200-250 ಮಿ.ಲೀ. ಇಳಿಯೋಕೆ 15-20 ನಿಮಿಷ ಹಿಡೀಲಿ, ಅವಸರ ಬೇಡ. ನಡುವೆ ಕೆಮ್ಮು, ಉಸಿರು ಕಟ್ಟಿದಂಗ ಆದರೆ ತಕ್ಷಣ ನಿಲ್ಲಿಸಿ.

ನಳಿಕೆ ಕಟ್ಟೋದು ಹೆಚ್ಚಾಗಿ ಸೋಸದ ಗಂಜಿಯಿಂದ, ಸರಿಯಾಗಿ ಪುಡಿಯಾಗದ ಗುಳಿಗೆಯಿಂದ. ಮಿಕ್ಸಿಗೆ ಹಾಕಿ, ಬಟ್ಟೆಯಲ್ಲಿ ಸೋಸಿ. ಗುಳಿಗೆಗಳನ್ನ ಆಹಾರದ ಜೊತೆ ಬೆರೆಸದೆ ಒಂದೊಂದಾಗಿ ಪುಡಿ ಮಾಡಿ, ನೀರಿನಲ್ಲಿ ಕರಗಿಸಿ ಕೊಡಿ. ಎಲ್ಲ ಗುಳಿಗೆನೂ ಪುಡಿ ಮಾಡುವಂತಿಲ್ಲ, ನಿಧಾನಕ್ಕೆ ಕರಗುವಂಥವು ಇರುತ್ತವೆ. ಫಾರ್ಮಸಿಯಲ್ಲಿ ಕೇಳಿ. ಕಟ್ಟಿದರೆ ಉಗುರುಬೆಚ್ಚಗಿನ ನೀರಿನಿಂದ ಮೆಲ್ಲಗೆ ಹಿಂದೆ-ಮುಂದೆ ಎಳೆದು ನೋಡಿ. ಕೋಲಾ ಸುರಿಯೋದು, ತಂತಿ ಹಾಕೋದು ಬೇಡ.

ಕಾಮರ್ಸ್ ಬುದ್ಧಿ ಕೆಲಸಕ್ಕೆ ಬರೋದು ಇಲ್ಲಿ. 50 ಕೆ.ಜಿ. ತೂಕದವರಿಗೆ ದಿನಕ್ಕೆ ಸುಮಾರು 1,500 ಕ್ಯಾಲರಿ, 60ರಿಂದ 75 ಗ್ರಾಂ ಪ್ರೋಟೀನ್ ಬೇಕು. ದಿನಕ್ಕೆ ಆರು ಸಲ ಗಂಜಿ ತಿಳಿ ಹಾಕಿದರೆ ಹೊಟ್ಟೆ ತುಂಬಿದಂಗ ಕಾಣುತ್ತೆ, ಖಾತೆಯಲ್ಲಿ ಜಮಾ ಮಾತ್ರ ಹೆಚ್ಚೇನೂ ಇರಲ್ಲ. 100 ಮಿ.ಲೀ. ಎಮ್ಮೆ ಹಾಲಿನಲ್ಲಿ ಸುಮಾರು 100 ಕ್ಯಾಲರಿ, ಒಂದು ಚಮಚ ಎಣ್ಣೆಯಲ್ಲಿ 45. ಹಾಲು, ಬೇಳೆ, ಶೇಂಗಾ ಪುಡಿ, ಬೇಯಿಸಿದ ಮೊಟ್ಟೆ, ಎಣ್ಣೆ, ನಮ್ಮೂರ ಬೆಲ್ಲ ಸೇರಿಸಿ ಸೋಸಿದ್ದನ್ನ ಆಸ್ಪತ್ರೆಯ ಡಯಟಿಷಿಯನ್‌ಗೆ ತೋರಿಸಿ ಅಳತೆ ಬರೆಸಿಕೊಳ್ಳಿ. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲದ ವಿಷಯ ಬೇರೆ. ನಮ್ಮ ಬೇಸಿಗೆಗೆ ಮಾಡಿಟ್ಟ ಆಹಾರ ಹೊರಗೆ ಒಂದು ತಾಸಿಗಿಂತ ಹೆಚ್ಚು ಇರಬಾರದು. ಒಂದು ನೋಟ್‌ಬುಕ್ಕಿನಲ್ಲಿ ಎಷ್ಟು ಸಲ, ಎಷ್ಟು ಮಿ.ಲೀ. ಅಂತ ದಿನಾ, ತೂಕವನ್ನ ವಾರಕ್ಕೊಮ್ಮೆ ಬರೀರಿ. "ಚೆನ್ನಾಗಿ ಊಟ ಮಾಡ್ತಾರ್ರಿ" ಅನ್ನೋ ಮಾತಿಗಿಂತ ಆ ಪುಟ ಡಾಕ್ಟರ್‌ಗೆ ಹೆಚ್ಚು ಹೇಳುತ್ತೆ.

ಇನ್ನು ಬಾಯಿ. ನಳಿಕೆ ಇದೆ ಅಂತ ಬಾಯಿಯನ್ನ ಮರೀತಾರೆ. ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ಹಲವು ಸಲ ಮುಕ್ಕಳಿಸಬೇಕು. ಡಾಕ್ಟರ್ ಬೇಡ ಅನ್ನದಿದ್ದರೆ ಗುಟುಕು ಗುಟುಕು ನೀರು ನುಂಗೋ ರೂಢಿ ಬಿಡಬಾರದು. ಬಿಟ್ಟರೆ ನುಂಗೋ ಸ್ನಾಯುಗಳು ಸೋಮಾರಿಯಾಗಿ, ಆಮೇಲೆ ನಳಿಕೆ ತೆಗೆಯೋದೇ ಕಷ್ಟ ಆಗುತ್ತೆ.

ಯಾವಾಗ ಓಡಬೇಕು? ನಳಿಕೆ ಪೂರ್ತಿ ಹೊರಗೆ ಬಂದರೆ, ಜ್ವರ 38 ಡಿಗ್ರಿ ದಾಟಿದರೆ, ಚರ್ಮದಿಂದ ಕೀವು ಬಂದರೆ ಆಸ್ಪತ್ರೆಗೆ ಅವತ್ತೇ ಫೋನ್ ಮಾಡಿ. ಹೊಟ್ಟೆಗೇ ನೇರವಾಗಿ ನಳಿಕೆ ಹಾಕಿದ್ದು ಕಿತ್ತು ಬಂದರೆ ಕಾಯಬೇಡಿ, ಆ ತೂತು ಕೆಲವೇ ತಾಸಿನಲ್ಲಿ ಮುಚ್ಚಿಕೊಳ್ಳುತ್ತೆ. ಉಸಿರಾಟಕ್ಕೆ ತೊಂದರೆ ಆದರೆ ಯೋಚನೆ ಮಾಡದೆ 108. ಆಸ್ಪತ್ರೆಯ ವಾರ್ಡಿನ ನಂಬರನ್ನ ಈಗಲೇ ಕೇಳಿ, ಮನೆಯ ಪ್ರತಿಯೊಬ್ಬರ ಫೋನಿನಲ್ಲೂ ಸೇವ್ ಮಾಡಿಸಿ.