ಪಂಚಮಿ ಉಂಡಿ ಮತ್ತು ಮೀಟರಿನ 48

2023ರ ನಾಗರ ಪಂಚಮಿ. ಗಜೇಂದ್ರಗಡದ ತವರುಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟಿನ ಉಂಡಿ ಅಂತ ಡಬ್ಬಿಗಳು ತುಂಬಿದ್ದವು. "ಆಪರೇಷನ್ ಆದ ಮ್ಯಾಲೆ ಮಗಳು ಏನೂ ತಿನ್ನಂಗಿಲ್ಲ" ಅನ್ನೋದು ಅವ್ವನ ದೊಡ್ಡ ಚಿಂತೆ. ಅವಳ ಸಮಾಧಾನಕ್ಕೆ ಎರಡು ತಂಬಿಟ್ಟಿನ ಉಂಡಿ ತಿಂದು, ಮೇಲೊಂದು ಲೋಟ ಸಕ್ಕರೆ ಹಾಕಿದ ಹಾಲು ಕುಡಿದೆ. ಒಂದೂವರೆ ತಾಸಿಗೆ ಜೋಕಾಲಿ ಮೇಲೆ ಕೂತಿದ್ದಾಗ ಕೈ ನಡುಗೋಕೆ ಶುರುವಾಯ್ತು. ಶ್ರಾವಣದ ತಂಪಿನಲ್ಲೂ ಮೈಯೆಲ್ಲ ಬೆವರು. ತಂಗಿ ಏನೋ ಕೇಳಿದಳು. ಉತ್ತರ ಗೊತ್ತಿತ್ತು, ಬಾಯಿಗೆ ಬರಲಿಲ್ಲ.

ಒಬ್ಬರು ದೃಷ್ಟಿ ಅಂದರು, ಇನ್ನೊಬ್ಬರು ನಗುತ್ತಾ "ಏನರ ವಿಶೇಷ ಐತೇನು?" ಅಂದರು. ಅಪ್ಪ ಮಾತ್ರ ಪಕ್ಕದ ಮನೆಗೆ ಹೋಗಿ ಅಲ್ಲಿಯ ಅಜ್ಜನ ಶುಗರ್ ಮೀಟರ್ ತಂದರು. 48 ತೋರಿಸಿತು. ಅಜ್ಜ ಮೀಟರನ್ನೇ ಅನುಮಾನಿಸಿದರು. "ಸಕ್ಕರಿ ರೋಗ ನನಗೈತಿ, ಗುಳಿಗಿ ನಾನು ನುಂಗತೀನಿ. ಇಳಿಯೂದು ಇಕಿಗೆ ಹೆಂಗ?"

ಅವ್ವ ಐದಾರು ಚಮಚ ಸಕ್ಕರೆ ಕಲಸಿ ಶರಬತ್ತು ಕುಡಿಸಿದಳು. ಹತ್ತೇ ನಿಮಿಷಕ್ಕೆ ಎದ್ದು ಕೂತೆ, ಎಲ್ಲರೂ ನಕ್ಕೆವು. ಸಂಜೆಯೊಳಗೆ ಮತ್ತೆ ಅದೇ ನಡುಕ, ಅದೇ ಬೆವರು.

ನನ್ನ ಹಿನ್ನೆಲೆ ಹೇಳಿಬಿಡ್ತೀನಿ. ರೋಣದ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ. 2022ರ ಜನವರಿಯಲ್ಲಿ ಹುಬ್ಬಳ್ಳಿಯಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಆಯಿತು. ಆಗ 118 ಕೆಜಿ, ಪಂಚಮಿಯ ಹೊತ್ತಿಗೆ 74. ಬಿಪಿ ಗುಳಿಗೆ ನಿಂತಿತ್ತು, ಮೊಣಕಾಲು ನೋವು ಹೋಗಿತ್ತು, ಕಾಲಕಾಲೇಶ್ವರನ ಮೆಟ್ಟಿಲನ್ನು ನಡುವೆ ಕೂರದೆ ಹತ್ತಿದ್ದೆ. ಹಾಗಾಗಿ "ಸಣ್ಣ ಆಗಾಕ ಹೊಟ್ಟಿ ಕೊಯ್ಸಿಕೊಂಡ್ರ ಹಿಂಗ ಆಗತೈತಿ" ಅನ್ನೋ ಮಾತಿಗೆ ನನ್ನ ಹತ್ತಿರ ಉತ್ತರ ಇದೆ. ಆದರೆ ಆ ಮಾತು ಪೂರ್ತಿ ಸುಳ್ಳು ಅಂತಲೂ ಹೇಳಲಾರೆ.

ಮೊದಲು ತೋರಿಸಿದ ಡಾಕ್ಟರು ವೀಕ್‌ನೆಸ್ ಅಂತ ಗ್ಲೂಕೋಸ್ ಬಾಟಲಿ ಏರಿಸಿದರು. ಅದಾದ ಎಂಟು ದಿನಕ್ಕೆ, ಮುಂಜಾನೆ ಅವಲಕ್ಕಿ ತಿಂದು ಸಿಹಿ ಚಹಾ ಕುಡಿದು, ನಾಲ್ಕು ವರ್ಷದ ಮಗನನ್ನು ಮುಂದೆ ನಿಲ್ಲಿಸಿಕೊಂಡು ಸ್ಕೂಟಿಯಲ್ಲಿ ನರಗುಂದದ ಚಿಕ್ಕಮ್ಮನ ಮನೆಗೆ ಹೊರಟಿದ್ದೆ. ಅರ್ಧ ದಾರಿಯಲ್ಲಿ ರಸ್ತೆ ಎರಡಾಗಿ ಕಾಣತೊಡಗಿತು. ಬ್ರೇಕ್ ಯಾವ ಕೈಯದು ಅಂತ ಯೋಚಿಸಬೇಕಾಯಿತು. ಹೇಗೋ ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ. ಹೊಲದಲ್ಲಿ ಹೆಸರು ಬಿಡಿಸುತ್ತಿದ್ದ ಒಬ್ಬ ಹೆಣ್ಣುಮಗಳು ಓಡಿ ಬಂದು, ತನ್ನ ಬುತ್ತಿಗಂಟಿನಿಂದ ಬೆಲ್ಲದ ಚೂರು ಕೊಟ್ಟಳು, ಆಮೇಲೆ ಒಂದು ಮುಷ್ಟಿ ಹುರಿದ ಶೇಂಗಾ. ಆವತ್ತು ಎರಡನೇ ಸಲ ಇಳಿಯಲಿಲ್ಲ. ಅದು ಶೇಂಗಾದ ಪುಣ್ಯ ಅಂತ ಗೊತ್ತಾಗಿದ್ದು ಆಮೇಲೆ. ಮಗನ ತಲೆ ನನ್ನ ಎದೆಗೆ ತಾಗಿಕೊಂಡಿದ್ದು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ.

ಹುಬ್ಬಳ್ಳಿಯಲ್ಲಿ ಹಾರ್ಮೋನು ತಜ್ಞರು ಪೆನ್ನಿನಿಂದ ಚಿತ್ರ ಬರೆದು ತಿಳಿಸಿದರು. ಬೈಪಾಸ್‌ನಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಕೋಳಿಮೊಟ್ಟೆಯಷ್ಟು ಚೀಲ ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಊಟವನ್ನು ಸ್ವಲ್ಪ ಸ್ವಲ್ಪವಾಗಿ ಕೆಳಗೆ ಬಿಡುವ ಬಾಗಿಲು ದಾರಿಯಲ್ಲಿ ಸಿಗೋದೇ ಇಲ್ಲ. ಸಿಹಿ, ಅನ್ನ, ಮೈದಾ ಸರ್ರನೆ ಕರುಳಿಗೆ ಇಳಿದು ರಕ್ತದ ಸಕ್ಕರೆ ಒಮ್ಮೆಲೇ ಏರುತ್ತದೆ. ಕರುಳಿನಿಂದ ಜಿಎಲ್‌ಪಿ-1 ಅನ್ನೋ ಹಾರ್ಮೋನು ವಿಪರೀತ ಹೊರಟು ಇನ್ನೂ ಇನ್ಸುಲಿನ್ ಬೇಕು ಅಂತ ಕೂಗುತ್ತದೆ. ಆ ಇನ್ಸುಲಿನ್ ಪೂರ್ತಿ ಕೆಲಸಕ್ಕಿಳಿಯುವಷ್ಟರಲ್ಲಿ ಸಕ್ಕರೆ ಖಾಲಿ. ಊಟವಾಗಿ ಒಂದರಿಂದ ಮೂರು ತಾಸಿನೊಳಗೆ ಧಡಕ್ಕನೆ ಇಳಿಯುತ್ತದೆ. ಒಂದು ನಿಮಿಷದ ಟ್ರಾಫಿಕ್ ನೋಡಿ ನೂರು ಸರ್ವರ್ ಎಬ್ಬಿಸುವ ಕೆಟ್ಟ ಕೋಡ್ ನೆನಪಾಯಿತು ನನಗೆ. ತಿಂದ ಅರ್ಧ ತಾಸಿನೊಳಗೆ ಹೊಟ್ಟೆ ತಿರುಚಿ ಎದೆ ಬಡಿದುಕೊಳ್ಳುವುದು ಬೇರೆ ತೊಂದರೆ. ಇದು ಸಾಮಾನ್ಯವಾಗಿ ಆಪರೇಷನ್ ಆಗಿ ವರ್ಷ ಕಳೆದ ಮೇಲೆ ಬರುವಂಥದ್ದು, ಎಲ್ಲಾ ಸರಿಹೋಯ್ತು ಅಂದುಕೊಂಡಾಗ. ಮನೆಗೆ ಬಂದು ಡಿಸ್ಚಾರ್ಜ್ ಕಾಗದ ತೆಗೆದರೆ ಇದರ ಬಗ್ಗೆ ಒಂದು ಸಾಲು ಇತ್ತು. ನಾನೇ ಓದಿರಲಿಲ್ಲ.

ಅಂದರೆ ಅವ್ವನ ಶರಬತ್ತು ಬೆಂಕಿ ಆರಿಸಿ ಮತ್ತೆ ಬೆಂಕಿ ಹಚ್ಚಿತ್ತು. ಹಾಗಂತ ಇಳಿದಾಗ ಸಿಹಿ ಬೇಡ ಅಂತಲ್ಲ, ಬೇಕೇ ಬೇಕು, ಆದರೆ ಅಳತೆಯಲ್ಲಿ. 70ಕ್ಕಿಂತ ಕೆಳಗೆ ಇಳಿದರೆ ಸುಮಾರು 15 ಗ್ರಾಂ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಯೋದು, 15 ನಿಮಿಷ ಬಿಟ್ಟು ಮತ್ತೆ ನೋಡೋದು, ಏರಿದ ಮೇಲೆ ಶೇಂಗಾ ಅಥವಾ ಮೊಟ್ಟೆ ತಿಂದು ಅದನ್ನು ಹಿಡಿದು ನಿಲ್ಲಿಸೋದು. 54ಕ್ಕಿಂತ ಕೆಳಗೆ ಹೋದರೆ ಬುದ್ಧಿ ಮಂಕಾಗುತ್ತದೆ, ಆಗ ಪಕ್ಕದಲ್ಲಿ ಇರುವವರಿಗೆ ಇದು ಗೊತ್ತಿರಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಸೀದಾ ಆಸ್ಪತ್ರೆಗೆ ಒಯ್ಯಬೇಕು. ಖಾಲಿ ಹೊಟ್ಟೆಯಲ್ಲೋ ರಾತ್ರಿ ನಿದ್ದೆಯಲ್ಲೋ ಇಳಿಯುತ್ತಿದ್ದರೆ ಕಾರಣ ಬೇರೆ ಇರಬಹುದು, ಅದನ್ನು ತಜ್ಞರೇ ನೋಡಬೇಕು.

ಎರಡು ವಾರ ತೋಳಿಗೆ ಸೆನ್ಸರ್ ಅಂಟಿಸಿಕೊಂಡೆ. ಅಗ್ಗದ್ದಲ್ಲ, ಆದರೆ ಅದರ ಗ್ರಾಫ್ ನೋಡಿದ ಮೇಲೆ ಮನೆಯವರು ನಂಬಿದರು. ಸೋಮವಾರದ ಉಪವಾಸ ಬಿಟ್ಟು ಸಾಬುದಾಣಿ ಖಿಚಡಿ ತಿಂದ ದಿನ ಮುಕ್ಕಾಲು ತಾಸಿಗೆ 190, ಎರಡು ತಾಸಿಗೆ 52. ಗುಡ್ಡ ಏರಿ ಬಾವಿಗೆ ಬಿದ್ದಂಗೆ! ಉಪವಾಸದ ಪವಿತ್ರ ತಿನಿಸೇ ನನಗೆ ಎಲ್ಲಕ್ಕಿಂತ ಕೆಟ್ಟದ್ದು ಅಂತ ಅತ್ತೆಗೆ ಹೇಳೋದು ಸುಲಭ ಇರಲಿಲ್ಲ. ಗ್ರಾಫ್ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಹಂಗಾರ ಶಿವಾ ಏನೂ ಅನ್ನಂಗಿಲ್ಲ ಬಿಡು" ಅಂದರು.

ನಮ್ಮ ಭಾಗದ ಅಡಿಗೆ ಮಾತ್ರ ನನ್ನ ಕೈ ಹಿಡಿಯಿತು. ಡಯಟಿಷಿಯನ್ ಹೇಳಿದ ಮಿತಿ ಒಂದು ಊಟಕ್ಕೆ ಸುಮಾರು 30 ಗ್ರಾಂ ಪಿಷ್ಟ. ಮೊದಲು ಝುಣಕವೋ ಮೊಳಕೆ ಕಾಳಿನ ಪಲ್ಯವೋ ಮೊಸರೋ, ಕೊನೆಗೆ ಅರ್ಧ ಜೋಳದ ರೊಟ್ಟಿ. ಬಿಳಿ ಅನ್ನ ಎರಡು ತುತ್ತು. ನೀರು ಊಟಕ್ಕೆ ಅರ್ಧ ತಾಸು ಆಚೀಚೆ. ದಿನಕ್ಕೆ ಐದಾರು ಸಲ ಇಷ್ಟಿಷ್ಟೇ ತಿನ್ನೋದು. ಇಷ್ಟಾದರೂ ತಿಂಗಳಿಗೆ ಎರಡು ಮೂರು ಸಲ ಇಳಿಯುತ್ತಿತ್ತು, ಅದಕ್ಕೆ ಅಕಾರ್ಬೋಸ್ ಗುಳಿಗೆ ಶುರು ಮಾಡಿದರು. ಮೊದಲ ತುತ್ತಿನ ಜೊತೆ ನುಂಗಬೇಕು, ಪಿಷ್ಟ ಕರಗೋದನ್ನು ನಿಧಾನ ಮಾಡುತ್ತದೆ. ಹೊಟ್ಟೆಯಲ್ಲಿ ಗಾಳಿ ಆಗುತ್ತದೆ, ವರ್ಕ್ ಫ್ರಂ ಹೋಮ್ ಇರೋದು ಪುಣ್ಯ. ಒಂದು ಮಾತು ನೆನಪಿಡಿ: ಈ ಗುಳಿಗೆ ತೊಗೊಳ್ಳುವವರಿಗೆ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡೋದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ, ಸ್ಕೂಟಿ ಡಿಕ್ಕಿಯಲ್ಲಿ, ಗಂಡನ ಕಿಸೆಯಲ್ಲಿ ಒಂದೊಂದು ಪೊಟ್ಟಣ ಇದೆ. ಬೆರಳು ಚುಚ್ಚಿ ನೋಡದೆ ಸ್ಕೂಟಿ ಕೀಲಿ ಮುಟ್ಟೋದಿಲ್ಲ.

ಇಳಿಯುವ ಮುಂಚೆ ನನಗೆ ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ ಅಂತ ಕಂಡುಹಿಡಿದವರು ಗಂಡ. ನಾನು ದನಿ ಏರಿಸಿದರೆ ಮೀಟರ್ ಹಿಡಿದು ಬರುತ್ತಾರೆ. "ಮೊದಲು ಬೆರಳು ಕೊಡು, ಆಮ್ಯಾಲೆ ಜಗಳ ಆಡೂಣು." ಕೆಲವೊಮ್ಮೆ 61 ಇರುತ್ತದೆ. ಕೆಲವೊಮ್ಮೆ 102 ಇರುತ್ತದೆ, ಆಗ ಜಗಳ ಮುಂದುವರಿಯುತ್ತದೆ.

ಕಷ್ಟ ಇರೋದು ಊರವರ ಪ್ರೀತಿಯ ಜೊತೆ. ಅರಿಷಿಣ ಕುಂಕುಮಕ್ಕೆ ಹೋದರೆ ಸಿಹಿ ಚಹಾ, ಮದುವೆಗೆ ಹೋದರೆ ಗೋದಿ ಹುಗ್ಗಿ. ಮೊದಲು ಹೊಟ್ಟೆ ಸರಿಯಿಲ್ಲ ಅಂತ ಸುಳ್ಳು ಹೇಳುತ್ತಿದ್ದೆ. ಈಗ "ಸಿಹಿ ತಿಂದ್ರ ನನಗ ಶುಗರ್ ಇಳಿತೈತಿ" ಅಂತ ಇದ್ದದ್ದನ್ನೇ ಹೇಳ್ತೀನಿ. ಅರ್ಧ ಜನ "ಏರತೈತಿ ಅನ್ನು" ಅಂತ ತಿದ್ದುತ್ತಾರೆ.

ಈ ಸಲದ ಪಂಚಮಿಗೆ ತವರಿಗೆ ಹೋದಾಗ ಅವ್ವ ಮೊದಲು ಕಾಳಿನ ಪಲ್ಯ, ರೊಟ್ಟಿ ಬಡಿಸಿದಳು. ಊಟ ಮುಗಿದ ಮೇಲೆ ಬೆಲ್ಲ ಕಡಿಮೆ ಹಾಕಿದ ಶೇಂಗಾ ಉಂಡಿಯನ್ನು ಎರಡು ಹೋಳು ಮಾಡಿ, ಒಂದನ್ನು ನನ್ನ ತಟ್ಟೆಗೆ, ಒಂದನ್ನು ತನ್ನ ಬಾಯಿಗೆ ಹಾಕಿಕೊಂಡಳು. ಒಂದೂವರೆ ತಾಸಿಗೆ ಸರಿಯಾಗಿ ಮೀಟರ್ ತಂದಿಟ್ಟಳು. 88. ಜೋಕಾಲಿ ಮೇಲೆ ಮಗ ಕೂತಿದ್ದ, ಅವನನ್ನು ಸರಿಸಿ ನಾನೂ ಹತ್ತಿದೆ.