ಒಂದು ಧ್ವನಿ, ಎರಡು ದಾರಿ

ಪರಶುರಾಂಪುರದ ಒಂದು ಮನೆಯಲ್ಲಿ ಸಂಜೆಯ ಹೊತ್ತೆಂದು ಭಾವಿಸಿರಿ. ನಡುಮನೆಯ ಕಂಪ್ಯೂಟರಿನಿಂದ ಹರಿಕಥೆಯೊಂದು ಕೇಳಿಬರುತ್ತಿದೆ. ಕಿವಿ ಮಂದವಾದ ತಾತನವರು “ಇನ್ನೂ ಸ್ವಲ್ಪ ಜೋರು ಮಾಡಪ್ಪಾ” ಎನ್ನುವರು. ಒಳಕೋಣೆಯಿಂದ ಮೊಮ್ಮಗಳು “ತಾತಾ, ನಾಳೆ ನನಗೆ ಪರೀಕ್ಷೆ” ಎಂದು ಮೊರೆಯಿಡುವಳು. ತಾತನವರಿಗೆ ಹೆಡ್‌ಫೋನ್ ತೊಡಿಸೋಣವೆಂದರೆ ಸ್ಪೀಕರು ಮೂಕವಾಗುವುದು. ಅವರೊಬ್ಬರೇ ನಗಬೇಕು, ಅವರೊಬ್ಬರೇ ಕಣ್ಣೊರಸಿಕೊಳ್ಳಬೇಕು. ಕೂಡಿ ಕೇಳುವ ಸುಖವು ಅಲ್ಲಿಗೆ ಮುಗಿಯಿತು. ಇದಕ್ಕೆ ಉಪಾಯವಿಲ್ಲವೆ?

ಅವಶ್ಯವಾಗಿ ಉಂಟು. ಕಂಪ್ಯೂಟರು ಸಾಮಾನ್ಯವಾಗಿ ಒಂದು ವೇಳೆಗೆ ಒಂದೇ ದ್ವಾರದಿಂದ ಧ್ವನಿಯನ್ನು ಹೊರಬಿಡುವುದು. ನಮ್ಮ ವೇದಾವತಿಗೆ ಹಿರಿಯೂರಿನ ಬಳಿ ಕಟ್ಟಿ 1907ರಲ್ಲಿ ಮುಗಿಸಿದ ವಾಣೀವಿಲಾಸ ಸಾಗರವನ್ನು ಸ್ಮರಿಸಿರಿ. ಜಲಾಶಯವು ಒಂದೇ, ಕಾಲುವೆಗಳು ಎಡಕ್ಕೂ ಉಂಟು, ಬಲಕ್ಕೂ ಉಂಟು. ಎರಡು ಕಡೆಯ ತೂಬನ್ನೂ ಎತ್ತಿದಲ್ಲದೆ ಎರಡು ಕಡೆಯ ಹೊಲಗಳೂ ನೆನೆಯವು. ಇಲ್ಲಿಯೂ ಎರಡನೆಯ ತೂಬನ್ನೆತ್ತುವುದೇ ನಮ್ಮ ಕೆಲಸ.

ಅತ್ಯಂತ ಸುಲಭವಾದ ಮಾರ್ಗವು ಸ್ಪ್ಲಿಟರ್ ಎಂಬ ಕವಲು ತಂತಿ. ಅದರ ಒಂದು ಕವಲಿಗೆ ಹೆಡ್‌ಫೋನನ್ನೂ, ಇನ್ನೊಂದಕ್ಕೆ ತನ್ನದೇ ವಿದ್ಯುತ್ತಿನಿಂದ ನಡೆಯುವ ಸ್ಪೀಕರನ್ನೂ ಸೇರಿಸಬೇಕು. ಕಂಪ್ಯೂಟರಿನ ಧ್ವನಿಯನ್ನು ತಾತನವರಿಗೆ ಹಿತವಾಗುವಷ್ಟಿಟ್ಟು, ಸ್ಪೀಕರಿನ ತಿರುಗಣೆಯನ್ನು ತಗ್ಗಿಸಿದರೆ ಇಬ್ಬರ ಬೇಡಿಕೆಯೂ ಈಡೇರಿತು.

ತಂತಿಯಿಲ್ಲದೆ ಯಂತ್ರದೊಳಗೇ ಇದನ್ನು ಸಾಧಿಸಬಹುದು. ಮ್ಯಾಕ್ ಯಂತ್ರದಲ್ಲಿ ‘ಆಡಿಯೊ ಮಿಡಿ ಸೆಟಪ್’ ತೆರೆದು ‘ಮಲ್ಟಿ ಔಟ್‌ಪುಟ್ ಡಿವೈಸ್’ ರಚಿಸಿ, ಎರಡು ಸಾಧನಗಳನ್ನೂ ಗುರುತು ಮಾಡಬೇಕು. ವಿಂಡೋಸ್ ಯಂತ್ರದಲ್ಲಿ ‘ಸ್ಟೀರಿಯೊ ಮಿಕ್ಸ್’ ಇದ್ದರೆ, ಅದನ್ನು ಚಾಲೂ ಮಾಡಿ, ಅದರ ‘ಲಿಸನ್’ ಪುಟದಲ್ಲಿ ಎರಡನೆಯ ಸಾಧನವನ್ನು ಆರಿಸಬೇಕು. ಈ ಸೌಲಭ್ಯವು ಎಲ್ಲ ಯಂತ್ರಗಳಲ್ಲಿಯೂ ಇರುವುದಿಲ್ಲ.

ಒಂದು ಎಚ್ಚರಿಕೆ. ಒಂದು ಸಾಧನಕ್ಕೆ ತಂತಿಯೂ ಮತ್ತೊಂದಕ್ಕೆ ಬ್ಲೂಟೂತೂ ಆದರೆ, ಮಾತು ಎರಡೆರಡಾಗಿ ಕೇಳಿಸಬಹುದು. ಬ್ಲೂಟೂತಿನಲ್ಲಿ ಧ್ವನಿಯನ್ನು ಸಂಕೇತವಾಗಿ ಮಾರ್ಪಡಿಸಿ, ತುಣುಕುತುಣುಕಾಗಿ ಕಳುಹಿ, ಮತ್ತೆ ಜೋಡಿಸುವಷ್ಟರಲ್ಲಿ ಸೆಕೆಂಡಿನ ಹತ್ತನೆಯ ಒಂದು ಪಾಲೋ ಅದಕ್ಕೂ ಹೆಚ್ಚೋ ಕಳೆಯುವುದುಂಟು. ಅಷ್ಟರಲ್ಲಿ ಶಬ್ದವು ಗಾಳಿಯಲ್ಲಿ ಸುಮಾರು 34 ಮೀಟರು ಸಾಗುತ್ತದೆ. ಅಂದರೆ ಬೀದಿಯಾಚೆಯಿಂದ ಯಾರೋ ಅದೇ ಕಥೆಯನ್ನು ಮರುನುಡಿದಂತೆ! ಆದುದರಿಂದ ಎರಡಕ್ಕೂ ತಂತಿಯೇ ಲೇಸು.

ಇನ್ನೊಂದು ಮಾತು. ಹೆಡ್‌ಫೋನಿನ ಧ್ವನಿಯನ್ನು ಮಿತಿಮೀರಿ ಏರಿಸಕೂಡದು. ವಾರಕ್ಕೆ 40 ಗಂಟೆ ಕೇಳುವ ವಯಸ್ಕರಿಗೆ 80 ಡೆಸಿಬೆಲ್ ಮೇರೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಕಿವಿ ಮಂದವಾಗುತ್ತ ಬಂದರೆ “ವಯಸ್ಸಾಯಿತು” ಎಂದು ಕೈಬಿಡದೆ ವೈದ್ಯರಿಗೆ ತೋರಿಸತಕ್ಕದ್ದು.

ಕೇಳಿಸದವರು ಮನೆಯ ಮಾತುಕತೆಯಿಂದ ಮೆಲ್ಲಮೆಲ್ಲನೆ ದೂರವಾಗುವರು. ಅದು ಒಡನೆ ಯಾರ ಕಣ್ಣಿಗೂ ಬೀಳದು. ಒಂದು ಕವಲು ತಂತಿಯಿಂದ ತಾತನವರು ಎಲ್ಲರೊಡನೆ, ಎಲ್ಲರು ನಕ್ಕ ಕ್ಷಣದಲ್ಲಿಯೇ ನಗುವಂತಾದರೆ, ಆ ಸಣ್ಣ ವೆಚ್ಚವು ವ್ಯರ್ಥವಾಯಿತೆಂದು ಯಾವ ಗೃಹಸ್ಥರು ತಾನೆ ಹೇಳುವರು?