ಕಾಲಿನ ತಾಳ, ಕಲ್ಲಿನ ತಾಳ

ಬೆಟ್ಟದ ಸೈಕಲ್ಲು ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಮಾಡುವ ಕೆಲಸ ಅದನ್ನು ಎತ್ತಿ ನೋಡುವುದು. ಹಗುರವಾಗಿದ್ದರೆ ಮುಖ ಅರಳುತ್ತದೆ. ಭಾರ ಎನಿಸಿದರೆ ಕೈ ಪಕ್ಕದ ಸೈಕಲ್ಲಿಗೆ ಹೋಗುತ್ತದೆ. ಬೆಳಗ್ಗೆ ಹೊರಟು ಸಂಜೆಯವರೆಗೆ ಕಾಡುದಾರಿಯಲ್ಲಿ ತುಳಿಯುವ ಆಸೆ ಇದ್ದವರಿಗೆ ಈ ಪರೀಕ್ಷೆಯಿಂದ ತಿಳಿಯುವುದು ಬಹಳ ಕಡಿಮೆ. ಲೆಕ್ಕ ಹಾಕಿ ನೋಡೋಣ. ಸವಾರ, ಸೈಕಲ್ಲು, ನೀರು, ಬುತ್ತಿ ಎಲ್ಲ ಸೇರಿ 90 ಕಿಲೋ ಎಂದಿಟ್ಟುಕೊಳ್ಳಿ. ಇಷ್ಟು ಭಾರವನ್ನು 1000 ಮೀಟರ್ ಮೇಲೇರಿಸಲು ಸುಮಾರು 883 ಕಿಲೋಜೂಲ್ ಶಕ್ತಿ ಬೇಕು. ಅಭ್ಯಾಸವಿರುವ ಸಾಧಾರಣ ಸವಾರರು ಗಂಟೆಗಟ್ಟಲೆ 150 ವಾಟ್ ಕೊಡಬಲ್ಲರು ಎಂದುಕೊಂಡರೆ, ನೆಲದ ಘರ್ಷಣೆ ಬಿಟ್ಟು, ಆ ಏರಿಗೆ 98 ನಿಮಿಷ ಹಿಡಿಯುತ್ತದೆ. ಸೈಕಲ್ಲು ಒಂದೂವರೆ ಕಿಲೋ ಹೆಚ್ಚು ತೂಗಿದರೆ ಇದಕ್ಕೆ ಇನ್ನೊಂದೂವರೆ ನಿಮಿಷ ಸೇರುತ್ತದೆ, ಅಷ್ಟೆ. ಕಾರ್ಬನ್ ಫ್ರೇಮಿಗೆ ಲಕ್ಷಗಟ್ಟಲೆ ಸುರಿಯುವ ಮೊದಲು ಈ ಒಂದೂವರೆ ನಿಮಿಷವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ದಿನದ ಕೊನೆಗೆ ಸವಾರರನ್ನು ಸೋಲಿಸುವುದು ಅಲುಗಾಟ. ಅಂಗೈ ಜೋಮು ಹಿಡಿಯುತ್ತದೆ, ಬ್ರೇಕಿನ ಮೇಲಿರುವ ಬೆರಳು ಮಾತು ಕೇಳುವುದಿಲ್ಲ, ಸೊಂಟ ಬಿಗಿಯುತ್ತದೆ, ಎದುರಿನ ಕಲ್ಲನ್ನು ಓದುವ ಗಮನ ಮಂಕಾಗುತ್ತದೆ. ಬೀಳುವುದು ಸಾಮಾನ್ಯವಾಗಿ ಆಗಲೇ. ಮನುಷ್ಯನ ಮೈ ಎಲ್ಲ ಅಲುಗಾಟಕ್ಕೂ ಒಂದೇ ಥರ ಸ್ಪಂದಿಸುವುದಿಲ್ಲ. ಕೂತವರ ದೇಹವನ್ನು ಅತಿ ಹೆಚ್ಚು ಕಾಡುವುದು ಸೆಕೆಂಡಿಗೆ 4ರಿಂದ 8 ಬಾರಿಯ ಮೇಲೆ-ಕೆಳಗಿನ ಕುಲುಕು. ಆ ವೇಗದಲ್ಲಿ ಬೆನ್ನು ಮತ್ತು ಹೊಟ್ಟೆಯ ಒಳಗಿನ ಭಾಗಗಳೂ ಜೊತೆಗೂಡಿ ತೂಗತೊಡಗುತ್ತವೆ. ಇಡೀ ಮೈಗೆ ತಾಗುವ ಕಂಪನವನ್ನು ಅಳೆಯಲೆಂದೇ ಐಎಸ್‌ಒ 2631 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಕಾಡುದಾರಿಯಲ್ಲಿ ಮೀಟರಿಗೊಂದು ಬೇರೋ ಕಲ್ಲೋ ಇದೆ, ಸೈಕಲ್ಲು ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿದೆ ಎಂದುಕೊಳ್ಳಿ. ಸೆಕೆಂಡಿಗೆ ಐದು ಮೀಟರ್, ಅಂದರೆ ಐದು ಕುಲುಕು. ದೇಹ ಅತಿ ಕಡಿಮೆ ಸಹಿಸುವ ಜಾಗಕ್ಕೇ ನೆಲ ಹೊಡೆಯುತ್ತಿದೆ.

ಎರಡೂ ಚಕ್ರಕ್ಕೆ ಸ್ಪ್ರಿಂಗು ಕೊಟ್ಟ ಸೈಕಲ್ಲು, ಅಂದರೆ ಫುಲ್ ಸಸ್ಪೆನ್ಷನ್, ಹುಟ್ಟಿದ್ದು ಇದಕ್ಕಾಗಿ. ಸವಾರರು ಕೂತ ಕೂಡಲೇ ಸ್ಪ್ರಿಂಗು ಒಂದಿಷ್ಟು ಕುಸಿಯುತ್ತದೆ; ಸೈಕಲ್ಲಿನವರು ಇದನ್ನು ಸ್ಯಾಗ್ ಎನ್ನುತ್ತಾರೆ. ಹಿಂದಿನ ಚಕ್ರ ಒಟ್ಟು 130 ಮಿಲಿಮೀಟರ್ ಮೇಲೇರಬಲ್ಲದು, ಸ್ಯಾಗ್ ಅದರ 30 ಶೇಕಡ ಎಂದಾದರೆ ಕುಸಿತ 39 ಮಿಲಿಮೀಟರ್. ಇಷ್ಟು ಕುಸಿಯುವ ಸಾದಾ ಸ್ಪ್ರಿಂಗು ತನ್ನಷ್ಟಕ್ಕೆ ತೂಗುವುದು ಸೆಕೆಂಡಿಗೆ ಸುಮಾರು ಎರಡೂವರೆ ಬಾರಿ. ಸ್ಪ್ರಿಂಗುಗಳ ಸ್ವಭಾವವೇನೆಂದರೆ, ತಮ್ಮ ಸಹಜ ತೂಗಾಟದ ಸುಮಾರು 1.4 ಪಟ್ಟಿಗಿಂತ ವೇಗವಾಗಿ ಬರುವ ಕುಲುಕನ್ನು ಅವು ಮೇಲಕ್ಕೆ ಪೂರ್ತಿ ದಾಟಿಸುವುದಿಲ್ಲ. ಎರಡೂವರೆಯ 1.4 ಪಟ್ಟು ಎಂದರೆ ಮೂರೂವರೆ. ಸೆಕೆಂಡಿಗೆ ಐದು ಬಾರಿ ಬರುವ ಕಲ್ಲುಗಳನ್ನು ಚಕ್ರ ಹತ್ತಿ ಇಳಿಯುತ್ತದೆ, ಮೇಲಿರುವ ಮನುಷ್ಯನಿಗೆ ಅದರ ಒಂದು ಭಾಗ ಮಾತ್ರ ತಲುಪುತ್ತದೆ.

ತೊಡಕಿರುವುದೂ ಇದೇ ಎರಡೂವರೆಯಲ್ಲಿ. ಏರಿನಲ್ಲಿ ಸವಾರರು ಪೆಡಲನ್ನು ನಿಮಿಷಕ್ಕೆ 75 ಸುತ್ತು ತಿರುಗಿಸಿದರೆ, ಎರಡು ಕಾಲಿಗೆ ಎರಡು ತುಳಿತದಂತೆ ಸೆಕೆಂಡಿಗೆ ಎರಡೂವರೆ ತುಳಿತ. ಸ್ಪ್ರಿಂಗಿನ ಸಹಜ ತೂಗಾಟವೂ ಅಷ್ಟೇ. ಹೀಗೆ ಎರಡು ತಾಳ ಕೂಡಿದರೆ ಒಂದೊಂದು ತುಳಿತಕ್ಕೂ ಸೈಕಲ್ಲು ಕುಪ್ಪಳಿಸುತ್ತದೆ. ಕಾಲಿನ ಶಕ್ತಿ ಮುಂದೆ ಹೋಗುವ ಬದಲು ಶಾಕ್ ಅಬ್ಸಾರ್ಬರಿನ ಎಣ್ಣೆಯನ್ನು ಕಾಯಿಸಲು ಹೋಗುತ್ತದೆ. ಕಲ್ಲಿನ ತಾಳಕ್ಕೆ ಮಣಿಯಬೇಕು, ಕಾಲಿನ ತಾಳಕ್ಕೆ ಅಲುಗಬಾರದು. ನನ್ನ ಮಟ್ಟಿಗೆ ದಿನವಿಡೀ ಸವಾರಿಯ ಸೈಕಲ್ಲನ್ನು ಆರಿಸುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ ಇದೊಂದೇ. ಉಳಿದವೆಲ್ಲ ಇದರ ಹಿಂದೆ ಬರುತ್ತವೆ.

ಬೆಟ್ಟದ ಸೈಕಲ್ಲಿನ ಈ ಆಟ ಶುರುವಾದಾಗ ಸ್ಪ್ರಿಂಗೇ ಇರಲಿಲ್ಲ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ, ಫೇರ್‌ಫ್ಯಾಕ್ಸ್ ಊರಿನ ಬಳಿಯ ಕಡಿದಾದ ಮಣ್ಣುದಾರಿಯಲ್ಲಿ, 1976ರ ಅಕ್ಟೋಬರ್ 21ರಂದು ಚಾರ್ಲಿ ಕೆಲ್ಲಿ ಮತ್ತು ಗೆಳೆಯರು ಇಳಿಜಾರಿನ ಪಂದ್ಯ ಆರಂಭಿಸಿದರು. ದಶಕಗಳಷ್ಟು ಹಳೆಯ, ದಪ್ಪ ಟಯರಿನ ಸೈಕಲ್ಲುಗಳು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕು. ಒಂದು ಇಳಿತದಲ್ಲೇ ಹಬ್ಬಿನೊಳಗಿನ ಗ್ರೀಸು ಹೊಗೆಯಾಡಿ ಹೋಗಿ, ಮತ್ತೆ ತುಂಬಬೇಕಾಗುತ್ತಿತ್ತು. ಹಾಗಾಗಿ ಆ ದಾರಿಗೆ ರೀಪ್ಯಾಕ್ ಎಂಬ ಹೆಸರೇ ನಿಂತಿತು. ಮರುವರ್ಷ ಜೋ ಬ್ರೀಝ್ ಈ ಕೆಲಸಕ್ಕೆಂದೇ ಹೊಸ ಫ್ರೇಮು ಕಟ್ಟಿದರು. ಮುಂದಿನ ಚಕ್ರಕ್ಕೆ ಸಸ್ಪೆನ್ಷನ್ ಫೋರ್ಕ್ ಬಂದದ್ದು ಇನ್ನೂ ಹತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ: 1990ರಲ್ಲಿ ಕೊಲರಾಡೊದ ಡ್ಯುರಾಂಗೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗ್ರೆಗ್ ಹರ್ಬೋಲ್ಡ್ ರಾಕ್‌ಶಾಕ್ಸ್ ಫೋರ್ಕ್ ಹಾಕಿಕೊಂಡು ಇಳಿಜಾರಿನ ಪಂದ್ಯ ಗೆದ್ದರು. ಮುಂದಿನ ಚಕ್ರದ ಸಮಸ್ಯೆ ಸುಲಭ, ಏಕೆಂದರೆ ಅಲ್ಲಿಗೆ ಚೈನು ಹೋಗುವುದಿಲ್ಲ. ಹಿಂದಿನ ಚಕ್ರ ಮೇಲೆ ಕೆಳಗೆ ಆಡುತ್ತಲೇ ಚೈನಿನ ಎಳೆತವನ್ನೂ ತಡೆಯಬೇಕು.

ತುಳಿದಾಗ ಏನಾಗುತ್ತದೆ ನೋಡಿ. ಸೈಕಲ್ಲು ಮುಂದಕ್ಕೆ ನುಗ್ಗಿದರೆ ಸವಾರರ ಭಾರ ಹಿಂದಕ್ಕೆ ಜರುಗಿ, ಹಿಂಭಾಗ ಕುಸಿಯಲು ನೋಡುತ್ತದೆ. ಚಕ್ರದ ಅಚ್ಚು ಮೇಲೇರುವಾಗ ಪೆಡಲಿನಿಂದ ತುಸು ದೂರ ಸರಿಯುವ ಹಾಗೆ ಕೀಲುಗಳನ್ನು ಕೂರಿಸಿದರೆ, ಬಿಗಿದ ಚೈನು ಆ ದೂರವಾಗುವಿಕೆಯನ್ನು ತಡೆಯುತ್ತದೆ. ಅಂದರೆ ಕುಸಿತವನ್ನೂ ತಡೆಯುತ್ತದೆ. ಕುಸಿಸುವ ಬಲ, ತಡೆಯುವ ಬಲ ಎರಡೂ ಸಮವಾದರೆ ತುಳಿತಕ್ಕೆ ಹಿಂಭಾಗ ಅಲುಗುವುದಿಲ್ಲ. ವಿನ್ಯಾಸಕಾರರ ಭಾಷೆಯಲ್ಲಿ ಇದು ನೂರು ಶೇಕಡ ಆ್ಯಂಟಿ-ಸ್ಕ್ವಾಟ್. ಹಾಗಿದ್ದರೆ ಇದನ್ನು ಎಷ್ಟು ಬೇಕಾದರೂ ಏರಿಸಬಹುದಲ್ಲ ಎನಿಸಬಹುದು. ಆಗುವುದಿಲ್ಲ. ಹಾಗೆ ಮಾಡಿದರೆ ಚಕ್ರ ಕಲ್ಲಿಗೆ ಬಡಿದು ಮೇಲೇರಿದಾಗಲೆಲ್ಲ ಉದ್ದ ಸಾಲದ ಚೈನು ಪೆಡಲನ್ನು ಹಿಂದಕ್ಕೆ ಜಗ್ಗುತ್ತದೆ. ಪಾದಕ್ಕೆ ಆ ಏಟು ನೇರವಾಗಿ ತಿಳಿಯುತ್ತದೆ, ಕಲ್ಲಿನ ಏರಿನಲ್ಲಿ ಚಕ್ರದ ಹಿಡಿತವೂ ತಪ್ಪುತ್ತದೆ.

ಈ ಕಗ್ಗಂಟನ್ನು ಸಡಿಲಿಸಿದವರಲ್ಲಿ ಮೋಟಾರ್‌ಸೈಕಲ್ ಲೋಕದಿಂದ ಬಂದ, ಆಸ್ಟ್ರಿಯಾ ಮೂಲದ ಹಾರ್ಸ್ಟ್ ಲೈಟ್ನರ್ ಮುಖ್ಯರು. ಅವರು ಹಿಂದಿನ ಅಚ್ಚಿನ ತುಸು ಮುಂದೆ, ಕೆಳಗಿನ ಕೊಳವೆಯ ಮೇಲೆ ಒಂದು ಹೆಚ್ಚುವರಿ ಕೀಲು ಇಟ್ಟರು. ಸಣ್ಣ ಬದಲಾವಣೆ, ಆದರೆ ಇದರಿಂದ ಚಕ್ರ ಒಂದೇ ಕೀಲಿನ ಸುತ್ತ ಕಮಾನು ಬರೆಯುವ ಕಟ್ಟಿನಿಂದ ಬಿಡುಗಡೆಯಾಯಿತು, ಬ್ರೇಕು ಹಿಡಿದಾಗ ಹಿಂಭಾಗ ಮರಗಟ್ಟುವುದೂ ಕಡಿಮೆಯಾಯಿತು. 1998ರಲ್ಲಿ ಸ್ಪೆಷಲೈಸ್ಡ್ ಕಂಪನಿ ಆ ಪೇಟೆಂಟನ್ನು ಕೊಂಡಿತು. ಎರಡು ಗಿಡ್ಡ ಲಿಂಕುಗಳ ಮೇಲೆ ಇಡೀ ಹಿಂಭಾಗವನ್ನು ತೂಗುಹಾಕುವ ಇನ್ನೊಂದು ದಾರಿಯೂ ಇದೆ. ಸಾಂಟಾ ಕ್ರೂಜ್ ಕಂಪನಿಯ ವಿಪಿಪಿ, ಡೇವ್ ವೀಗಲ್ ಅವರ ಡಿಡಬ್ಲ್ಯು-ಲಿಂಕ್ ಈ ಕುಲದವು. 2012ರಲ್ಲಿ ಸ್ರಾಮ್ ಕಂಪನಿ ಮುಂದೆ ಒಂದೇ ಹಲ್ಲುಚಕ್ರದ ಗೇರ್ ತಂದದ್ದು ಎಲ್ಲರಿಗೂ ನೆರವಾಯಿತು. ಮುಂದೆ ಮೂರು ಹಲ್ಲುಚಕ್ರವಿದ್ದ ಕಾಲದಲ್ಲಿ ಚೈನಿನ ಎಳೆತದ ಕೋನ ಗೇರಿಗೊಂದು ಥರ ಇರುತ್ತಿತ್ತು. ಈಗ 32 ಹಲ್ಲಿನ ಒಂದೇ ಚಕ್ರಕ್ಕೆ ಸರಿಹೊಂದಿಸಿದರೆ ಸಾಕು.

ಯಾವ ಕಂಪನಿಯ ಯಾವ ಲಿಂಕು ಮೇಲು ಎಂಬ ವಾದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಇಂದು ಒಳ್ಳೆಯ ವಿನ್ಯಾಸ ಎಲ್ಲ ಕುಲದಲ್ಲೂ ಇದೆ. ಒಂದೇ ಕೀಲಿನ ಸರಳ ಸೈಕಲ್ಲಿಗೂ ಅದರದೇ ಗುಣವಿದೆ: ಬೇರಿಂಗು ಕಡಿಮೆ, ಕೆಸರಿನ ಕಾಟ ಕಡಿಮೆ. ಆದರೆ ಏರು ಬಂದಾಗಲೆಲ್ಲ ಶಾಕಿನ ಲಿವರ್ ತಿರುಗಿಸಿ ಬಿಗಿ ಮಾಡಲೇಬೇಕು ಎನಿಸುವ ಸೈಕಲ್ಲನ್ನು ದಿನವಿಡೀ ಸವಾರಿಗೆ ಕೊಳ್ಳಬೇಡಿ. ಬಿಗಿ ಮಾಡಿದ ಶಾಕು ಏರಿನ ಸಡಿಲ ಕಲ್ಲಿನ ಮೇಲೆ ಹಿಡಿತ ಕಳೆಯುತ್ತದೆ. ಸಡಿಲ ಮಾಡಲು ಮರೆತು ಇಳಿದರೆ ಸೊಂಟ ನೆನಪಿಸುತ್ತದೆ.

ಇನ್ನು ಶಾಕಿನ ಒಳಗೆ ಏನಿದೆ? ಹೆಚ್ಚಿನವುಗಳಲ್ಲಿ ಲೋಹದ ಸುರುಳಿಯ ಬದಲು ಒತ್ತಿದ ಗಾಳಿ. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಯನ್ನು ತಳ್ಳಿ ನೋಡಿದವರಿಗೆ ಇದರ ಸ್ವಭಾವ ಗೊತ್ತು: ಮೊದಮೊದಲು ಮೆತ್ತಗೆ, ಕೊನೆಗೆ ಕಲ್ಲು. ಅದರಿಂದಲೇ ಸಣ್ಣ ಬೇರಿಗೆ ಮಣಿಯುವ ಶಾಕು ದೊಡ್ಡ ಜಿಗಿತದಲ್ಲೂ ತಳ ಬಡಿಯದು. ಶಾಕು ಸ್ವತಃ ಕುಗ್ಗುವುದು 50 ಮಿಲಿಮೀಟರ್ ಇದ್ದರೆ ಚಕ್ರ ಆಡುವುದು 130. ಅಂದರೆ ಚಕ್ರಕ್ಕೆ ಬಿದ್ದ ಬಲದ ಎರಡೂವರೆ ಪಟ್ಟಿಗೂ ಹೆಚ್ಚು ಆ ಪುಟ್ಟ ಡಬ್ಬಿಯ ಮೇಲೆ ಬೀಳುತ್ತದೆ. ಗಾಳಿ ನುಂಗಿದ ಶಕ್ತಿಯನ್ನು ಹಾಗೇ ಹಿಂದಿರುಗಿಸಿದರೆ ಸವಾರರು ಚಿಮ್ಮಿಹೋಗುತ್ತಾರೆ. ಅದನ್ನು ತಡೆಯುವುದು ಎಣ್ಣೆ. ಸಣ್ಣ ರಂಧ್ರಗಳ ಮೂಲಕ, ತೆಳುವಾದ ಉಕ್ಕಿನ ಬಿಲ್ಲೆಗಳನ್ನು ಬಾಗಿಸಿಕೊಂಡು ಎಣ್ಣೆ ನುಗ್ಗುವಾಗ ಕುಲುಕಿನ ಶಕ್ತಿ ಶಾಖವಾಗುತ್ತದೆ. ನಮ್ಮ ಊರುಗಳ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ, ನಡುವೆ ದಪ್ಪ ಸ್ಪ್ರಿಂಗು ಕಾಣುವ ಎಷ್ಟೋ ಸೈಕಲ್ಲುಗಳಲ್ಲಿ ಈ ಎಣ್ಣೆಯ ಏರ್ಪಾಡೇ ಇರುವುದಿಲ್ಲ. ಅವು ಕುಪ್ಪಳಿಸುತ್ತವೆ, ಭಾರವೂ ಹೆಚ್ಚು. ಮಕ್ಕಳಿಗೆ ಅದನ್ನು ಕೊಡಿಸುವ ತಂದೆತಾಯಿಗಳಿಗೆ ನನ್ನ ಕಳಕಳಿಯ ಮಾತು: ಅದೇ ಹಣಕ್ಕೆ ಹಿಂದೆ ಸ್ಪ್ರಿಂಗಿಲ್ಲದ, ಒಳ್ಳೆಯ ಬ್ರೇಕಿರುವ ಸೈಕಲ್ಲು ನೂರು ಪಾಲು ಮೇಲು.

ಚಕ್ರದ ಆಟ ಎಷ್ಟಿರಬೇಕು? ಕ್ರಾಸ್-ಕಂಟ್ರಿಯ ವೇಗದ ಪಂದ್ಯಗಳಿಗೆ 100ರಿಂದ 120 ಮಿಲಿಮೀಟರ್, ಇಳಿಜಾರಿನ ಪಂದ್ಯಕ್ಕೆ 200. ಯೂಟಾದ ಮೋಆಬ್ ಬಳಿ ಹೋಲ್ ಎಂಚಿಲಾಡ ಎಂಬ ದಾರಿ ಲಾ ಸಾಲ್ ಬೆಟ್ಟಗಳಲ್ಲಿ ಸುಮಾರು 3,400 ಮೀಟರ್ ಎತ್ತರದಿಂದ ಕೊಲರಾಡೊ ನದಿಯ ದಡದವರೆಗೆ, 1,200 ಮೀಟರಿಗೆ ಇಳಿಯುತ್ತದೆ. ನಲವತ್ತಕ್ಕೂ ಹೆಚ್ಚು ಕಿಲೋಮೀಟರ್, ಕೊನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮರಳುಗಲ್ಲು. ಅಲ್ಲಿ ಹೆಚ್ಚಿನವರು ವ್ಯಾನಿನಲ್ಲಿ ಮೇಲಕ್ಕೆ ಹೋಗುತ್ತಾರೆ, ಹಾಗಾಗಿ 150 ಅಥವಾ 160 ಮಿಲಿಮೀಟರ್ ಸರಿ. ಏರನ್ನೂ ತಾವೇ ತುಳಿಯುವವರಿಗೆ ಹಿಂದೆ 120ರಿಂದ 140, ಮುಂದೆ ಅದಕ್ಕಿಂತ ಹತ್ತು ಹೆಚ್ಚು ಸಾಕು. ಅದಕ್ಕೂ ಹೆಚ್ಚಿದ್ದರೆ ಸಮತಟ್ಟಿನಲ್ಲಿ ಸೈಕಲ್ಲು ಮಂದವಾಗುತ್ತದೆ, ಬಳಸದ ಆಟವನ್ನು ದಿನವೆಲ್ಲ ಹೊತ್ತು ತಿರುಗಬೇಕು. ಬೆಂಗಳೂರಿನ ತುರಹಳ್ಳಿಯ ಬಂಡೆಗಳಿಗೆ, ಅವಲಹಳ್ಳಿಯ ಕಾಡುದಾರಿಗೆ, ಮಲೆನಾಡಿನ ಏರಿಳಿತದ ತೋಟದ ರಸ್ತೆಗಳಿಗೆ 120 ಧಾರಾಳವಾಯಿತು.

ಫ್ರೇಮಿನ ಕೋನಗಳಲ್ಲಿ ನೋಡಬೇಕಾದ್ದು ಸೀಟಿನ ಕೊಳವೆಯದು. 76 ಡಿಗ್ರಿಯ ಆಸುಪಾಸು ಇದ್ದರೆ ಕಡಿದಾದ ಏರಿನಲ್ಲಿ ಸೊಂಟ ಪೆಡಲಿನ ಮೇಲೇ ಉಳಿಯುತ್ತದೆ, ಮುಂದಿನ ಚಕ್ರ ಎದ್ದು ಅಲೆಯುವುದಿಲ್ಲ. 78, 79 ಇರುವ ಇತ್ತೀಚಿನ ಸೈಕಲ್ಲುಗಳು ಏರಿನಲ್ಲಿ ಸೊಗಸು. ಆದರೆ ಸಮತಟ್ಟಾದ ದಾರಿ ಉದ್ದಕ್ಕೆ ಬಂದರೆ ಮೈಭಾರ ಮಣಿಕಟ್ಟಿಗೆ ಇಳಿಯುತ್ತದೆ. ಹ್ಯಾಂಡಲ್ಲಿನ ಕೊಳವೆಯ ಕೋನ 65, 66 ಇದ್ದರೆ ಇಳಿಜಾರಿನಲ್ಲಿ ಧೈರ್ಯ. 29 ಇಂಚಿನ ಚಕ್ರ ಕಲ್ಲಿನ ಮೇಲೆ ತುಸು ಸಲೀಸಾಗಿ ಹತ್ತುತ್ತದೆ, ಕುಳ್ಳಗಿರುವವರು 27.5 ಆರಿಸಿದರೆ ನಷ್ಟವೇನಿಲ್ಲ. ಗುಂಡಿ ಒತ್ತಿದರೆ ಸೀಟು ಕೆಳಗಿಳಿಯುವ ಡ್ರಾಪರ್ ಪೋಸ್ಟ್ ಮಾತ್ರ ಇರಲೇಬೇಕು.

ಟಯರೇ ಮೊದಲ ಸಸ್ಪೆನ್ಷನ್. ಅದಕ್ಕೆ ಕೀಲಿಲ್ಲ, ಸೀಲಿಲ್ಲ, ಕಲ್ಲಿನ ಅಂಚಿಗೆ ಎಲ್ಲಕ್ಕಿಂತ ಮೊದಲು ಮಣಿಯುವುದು ಅದೇ. 2.4 ಇಂಚಿನ ಟ್ಯೂಬ್‌ಲೆಸ್ ಟಯರಿಗೆ 75 ಕಿಲೋದ ಸವಾರರು 22ರಿಂದ 26 ಪಿಎಸ್‌ಐ ಗಾಳಿ ತುಂಬಿದರೆ ಸಾಕು. ರಸ್ತೆಯ ಸೈಕಲ್ಲಿನ ಅಭ್ಯಾಸದಲ್ಲಿ ಗಟ್ಟಿಯಾಗಿ ತುಂಬಿಕೊಂಡು ಬಂದು, ದುಬಾರಿ ಶಾಕನ್ನು ಬೈಯುವವರನ್ನು ನೋಡಿದ್ದೇನೆ.

ಕೊಳ್ಳುವ ದಿನ ಅಂಗಡಿಯವರಿಂದ ಶಾಕ್ ಪಂಪ್ ಕೇಳಿ ಪಡೆಯಿರಿ. ನೀರಿನ ಚೀಲ ಸಮೇತ ಕೂತು, ಶಾಕಿನ ದಂಡದ ಮೇಲಿರುವ ರಬ್ಬರ್ ಉಂಗುರ ಎಲ್ಲಿಗೆ ಸರಿದಿದೆ ನೋಡಿ. 50 ಮಿಲಿಮೀಟರಿನ ಶಾಕಿನಲ್ಲಿ ಅದು 13ರಿಂದ 15 ಮಿಲಿಮೀಟರ್ ಸರಿದಿರಬೇಕು. ಹೆಚ್ಚಾದರೆ ಗಾಳಿ ತುಂಬಿ, ಕಡಿಮೆಯಾದರೆ ಬಿಡಿ. ಇದನ್ನು ಮಾಡದೆ ಓಡಿಸಿ ನೋಡಿದ ಸೈಕಲ್ಲಿನ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ. ಆಮೇಲೆ ಕಲ್ಲುಮಣ್ಣಿನ ಏರೊಂದನ್ನು ಕೂತೇ ತುಳಿಯಿರಿ, ಲಿವರ್ ಮುಟ್ಟದೆ.

ಕೊನೆಯದಾಗಿ, ಸೇವೆಯ ಲೆಕ್ಕ. ಫೋರ್ಕಿನ ಕೆಳಭಾಗದ ಎಣ್ಣೆ, ಶಾಕಿನ ಗಾಳಿಡಬ್ಬಿಯ ಸೀಲು ಇವನ್ನು ಸಾಮಾನ್ಯವಾಗಿ 50 ಗಂಟೆಗೊಮ್ಮೆ ನೋಡಬೇಕು. ದಿನಕ್ಕೆ ಐದಾರು ಗಂಟೆ ತುಳಿಯುವವರಿಗೆ ಇದು ಎಂಟು-ಹತ್ತು ಸವಾರಿಗೇ ಬಂದುಬಿಡುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಹತ್ತಿರದಲ್ಲಿ ಈ ಕೆಲಸ ಬಲ್ಲವರು ಯಾರಿದ್ದಾರೆ, ಸೀಲು ಅವರ ಬಳಿ ಇರುತ್ತದೆಯೇ ಎಂದು ಹಣ ಕೊಡುವ ಮೊದಲೇ ಕೇಳಿ. ಹಿಂದಿನ ಗೇರನ್ನು ಹಿಡಿದಿರುವ ಹ್ಯಾಂಗರ್ ಕಲ್ಲಿಗೆ ತಾಗಿ ಬಾಗುವುದು ಸಾಮಾನ್ಯ. ಒಂದು ಕಾಲಕ್ಕೆ ಒಂದೊಂದು ಫ್ರೇಮಿಗೂ ಅದರದೇ ಆಕಾರದ ಹ್ಯಾಂಗರ್ ಬೇಕಿತ್ತು, ಹೊರದೇಶದಿಂದ ತರಿಸಲು ವಾರಗಟ್ಟಲೆ ಕಾಯಬೇಕಿತ್ತು. 2019ರಲ್ಲಿ ಸ್ರಾಮ್ ಎಲ್ಲರೂ ಬಳಸಬಹುದಾದ ಒಂದೇ ಮಾದರಿ ತಂದ ಮೇಲೆ ಹಲವು ಕಂಪನಿಗಳು ಅದನ್ನು ಒಪ್ಪಿಕೊಂಡಿವೆ. ನೀವು ಆರಿಸಿದ ಫ್ರೇಮು ಅದನ್ನೇ ಬಳಸುತ್ತಿದ್ದರೆ ಒಂದನ್ನು ಹೆಚ್ಚುವರಿಯಾಗಿ ಕೊಂಡು, ಪಂಕ್ಚರ್ ಸಾಮಾನಿನ ಜೊತೆ ಚೀಲದಲ್ಲಿ ಹಾಕಿಕೊಳ್ಳಿ.